ಅಖಿಮ್‌ನ ಗಿಯರ್

ಊವೆ ಯೋನ್ಸನ್‌ನ ‘ಅಖಿಮ್ ಕುರಿತ ಮೂರನೆಯ ಪುಸ್ತಕ’ ಎಂಬ ಕಾದಂಬರಿಯಲ್ಲಿ ಒಬ್ಬ ಸೈಕಲ್ ಸವಾರನಿದ್ದಾನೆ, ಅವನ ಜೀವನಚರಿತ್ರೆ ಬರೆಯಲು ಬಂದ ಒಬ್ಬ ಪತ್ರಕರ್ತನಿದ್ದಾನೆ, ಇಬ್ಬರ ನಡುವೆ ಒಂದು ಗಡಿ ಇದೆ. ಕೊನೆಗೂ ಆ ಜೀವನಚರಿತ್ರೆ ಮಾತ್ರ ಹುಟ್ಟುವುದಿಲ್ಲ. 1961ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಈ ಕೃತಿಯನ್ನು ನಾನು ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಸುಲಭದ ಓದಲ್ಲ. ವಾಕ್ಯಗಳು ಉದ್ದ, ಯಾರು ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯಲು ಎಷ್ಟೋ ಸಲ ಹಿಂದಿನ ಪುಟಕ್ಕೆ ಹೋಗಬೇಕು. ನನ್ನನ್ನು ಮತ್ತೆ ಅದರ ಬಳಿಗೆ ಕರೆದೊಯ್ದದ್ದು ಒಂದು ರೇಸಿನ ಚರಿತ್ರೆ. ಅಖಿಮ್ ಪಾತ್ರದ ಹಿಂದೆ ಟೇವೆ ಶೂರ್ ಎಂಬ ನಿಜವಾದ ಸವಾರನಿದ್ದಾನೆ. ಶೂರ್‌ನ ಹಿಂದೆ ‘ಶಾಂತಿ ರೇಸ್’ ಇದೆ. ಅದು ಪೋಲೆಂಡ್, ಪೂರ್ವ ಜರ್ಮನಿ, ಚೆಕೊಸ್ಲೊವಾಕಿಯಾಗಳ ರಸ್ತೆಗಳ ಮೇಲೆ ದಶಕಗಟ್ಟಲೆ ಓಡಿದ ರೇಸು. ಆ ಚರಿತ್ರೆ ತಿಳಿದ ಮೇಲೆ ಕಾದಂಬರಿ ಬೇರೆಯಾಗಿ ಕಂಡಿತು. ಅದರೊಡನೆ ನನಗೊಂದು ಜಗಳವೂ ಹುಟ್ಟಿತು.

ದಿನಗಟ್ಟಲೆ, ಹಂತ ಹಂತವಾಗಿ ಓಡುವ ಸೈಕಲ್ ರೇಸುಗಳನ್ನು ಬೆಳೆಸಿದ್ದು ಪತ್ರಿಕೆಗಳು. 1903ರಲ್ಲಿ ‘ಲೋಟೊ’ ಎಂಬ ಫ್ರೆಂಚ್ ಕ್ರೀಡಾಪತ್ರಿಕೆ ತನ್ನ ಪ್ರಸಾರ ಹೆಚ್ಚಿಸಿಕೊಳ್ಳಲೆಂದೇ ಟೂರ್ ಡಿ ಫ್ರಾನ್ಸ್ ಶುರು ಮಾಡಿತು. ರಸ್ತೆ ಬದಿಯಲ್ಲಿ ಕಾದು ನಿಂತವನಿಗೆ ಕಾಣುತ್ತಿದ್ದದ್ದು ಒಂದೆರಡು ನಿಮಿಷದ ಧೂಳು, ದೂರವಾಗುವ ಕೆಲವು ಬೆನ್ನು. ಬೆಟ್ಟದಲ್ಲಿ ಯಾರು ಬಿದ್ದರು, ಯಾರು ಹಿಂದುಳಿದರು, ಯಾರು ಮೋಸ ಮಾಡಿದರು ಎಂಬುದನ್ನೆಲ್ಲ ಮರುದಿನದ ಪತ್ರಿಕೆಯಲ್ಲಿ ಓದಿಯೇ ತಿಳಿಯಬೇಕಿತ್ತು. ನಮ್ಮ ಕಡೆ ಊರ ಬಯಲಿನಲ್ಲಿ ಒಬ್ಬ ಸೈಕಲ್‌ನಿಂದ ಇಳಿಯದೆ ದಿನಗಟ್ಟಲೆ ಸುತ್ತು ಹೊಡೆಯುವ ಪ್ರದರ್ಶನಗಳು ನಡೆಯುತ್ತಿದ್ದವು. ಊಟ, ಸ್ನಾನ ಎಲ್ಲ ಸೈಕಲ್ ಮೇಲೆಯೇ. ಪಕ್ಕದಲ್ಲಿ ಮೈಕು, ಸಿನಿಮಾ ಹಾಡು, ಸವಾರನ ಅಂಗಿಗೆ ಪಿನ್ನು ಹಾಕಿ ಸಿಕ್ಕಿಸಿದ ನೋಟುಗಳು. ಅದಕ್ಕೆ ಬರಹಗಾರ ಬೇಕಿರಲಿಲ್ಲ, ಊರೇ ನಿಂತು ನೋಡುತ್ತಿತ್ತು. ಯುರೋಪಿನ ರೇಸನ್ನು ಇಡಿಯಾಗಿ ನೋಡಿದವರು ಯಾರೂ ಇರಲಿಲ್ಲ. ಅದು ಹುಟ್ಟಿದಾಗಿನಿಂದಲೂ ಧಾರಾವಾಹಿ.

ರೋಲಾಂ ಬಾರ್ತ್ ತನ್ನ ‘ಮಿಥಾಲಜೀಸ್’ (1957) ಸಂಕಲನದಲ್ಲಿ ಟೂರನ್ನು ಮಹಾಕಾವ್ಯವಾಗಿ ಓದಿದ್ದು ಇದೇ ಕಾರಣಕ್ಕೆ. ಸಾಹಿತ್ಯದ ವಿದ್ಯಾರ್ಥಿಗಳು ಆ ಪ್ರಬಂಧವನ್ನು ಹುಡುಕಿ ಓದಬೇಕು. ಸವಾರರ ಹೆಸರುಗಳು ಅಲ್ಲಿ ವೀರರ ಹೆಸರುಗಳಾಗುತ್ತವೆ. ವಾಂಟು ಬೆಟ್ಟ ಬಲಿ ಬೇಡುವ ಕ್ಷುದ್ರದೇವತೆಯಾಗುತ್ತದೆ. ಹತ್ತು ವರ್ಷದ ಮೇಲೆ, 1967ರಲ್ಲಿ, ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಅದೇ ಬೆಟ್ಟ ಹತ್ತುತ್ತ ಕುಸಿದು ಸತ್ತ. ಅವನ ಮೈಯಲ್ಲಿ ಉತ್ತೇಜಕ ಮದ್ದಿನ ಅಂಶ ಇತ್ತು. ರೂಪಕಗಳು ನಿಜವಾದಾಗ ವಿಮರ್ಶಕ ಏನು ಮಾಡಬೇಕೋ ಗೊತ್ತಿಲ್ಲ, ಅದು ಹಾಗಿರಲಿ. ಬಾರ್ತ್‌ನ ಓದಿನಲ್ಲಿ ಬೆಟ್ಟವಿದೆ, ಬಿಸಿಲಿದೆ, ದೈವವಿದೆ. ರಾಜ್ಯಶಕ್ತಿ ಎಳೆದ ಗೆರೆಗೆ ಅಲ್ಲಿ ಅಷ್ಟು ಜಾಗವಿಲ್ಲ. ಆದರೆ ಟೂರ್ ತನ್ನ ಮೊದಲ ದಶಕದಲ್ಲೇ ಆ ಗೆರೆಯನ್ನು ತುಳಿದಿತ್ತು. 1871ರ ಸೋಲಿನ ನಂತರ ಜರ್ಮನಿಯ ಪಾಲಾಗಿದ್ದ ಅಲ್ಸಾಸ್-ಲೊರೇನ್ ಸೀಮೆಗೆ 1906ರಿಂದ ಕೆಲವು ವರ್ಷ ರೇಸು ಹೋಗಿಬರುತ್ತಿತ್ತು. ದಾರಿಬದಿಯ ಜನ ಫ್ರೆಂಚ್ ರಾಷ್ಟ್ರಗೀತೆ ಹಾಡತೊಡಗಿದರು. ಜರ್ಮನ್ ಆಡಳಿತ ಸುಮ್ಮನಿರಲಿಲ್ಲ, 1911ರ ಹೊತ್ತಿಗೆ ಆ ದಾರಿ ಮುಚ್ಚಿತು.

ಶಾಂತಿ ರೇಸಿನ ಹುಟ್ಟೂ ಪತ್ರಿಕಾ ಕಚೇರಿಯಲ್ಲೇ. 1948ರ ಮೇ ತಿಂಗಳಲ್ಲಿ ಪೋಲೆಂಡಿನ ಮತ್ತು ಚೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ಪಕ್ಷಗಳ ಪತ್ರಿಕೆಗಳು ಸೇರಿ ಇದನ್ನು ನಡೆಸಿದವು. ಮೊದಲ ವರ್ಷ ಎರಡು ರೇಸು ಒಟ್ಟಿಗೇ ಹೊರಟವು, ಒಂದು ವಾರ್ಸಾದಿಂದ ಪ್ರಾಗ್‌ಗೆ, ಇನ್ನೊಂದು ಪ್ರಾಗ್‌ನಿಂದ ವಾರ್ಸಾಗೆ. ಎರಡನ್ನೂ ಗೆದ್ದವರು ಯುಗೊಸ್ಲಾವಿಯಾದ ಸವಾರರು. ಪೂರ್ವ ಜರ್ಮನಿಯ ತಂಡ ಬಂದದ್ದು 1950ರಲ್ಲಿ. ಪೋಲೆಂಡ್ ಮತ್ತು ಪೂರ್ವ ಜರ್ಮನಿ ಓಡರ್-ನೈಸೆ ನದಿಗಳನ್ನು ತಮ್ಮ ನಡುವಿನ ಗಡಿಯೆಂದು ಒಪ್ಪಂದ ಮಾಡಿಕೊಂಡದ್ದೂ ಅದೇ ವರ್ಷ. 1952ರಲ್ಲಿ ಪೂರ್ವ ಜರ್ಮನಿಯ ‘ನೊಯೆಸ್ ಡಾಯ್ಚ್‌ಲಾಂಡ್’ ಪತ್ರಿಕೆಯೂ ಸೇರಿಕೊಂಡು ರೇಸು ವಾರ್ಸಾ–ಬರ್ಲಿನ್–ಪ್ರಾಗ್ ಎಂದಾಯಿತು. ಆ ವರ್ಷ ಗೆದ್ದವನು ಸ್ಕಾಟ್ಲೆಂಡಿನ ಇಯಾನ್ ಸ್ಟೀಲ್. ರೇಸಿನ ಗುರುತು ಪಿಕಾಸೋನ ಬಿಳಿ ಪಾರಿವಾಳ. ಮುನ್ನಡೆಯಲ್ಲಿರುವ ಸವಾರನಿಗೆ ಹಳದಿ ಅಂಗಿ, ಮುನ್ನಡೆಯಲ್ಲಿರುವ ತಂಡದವರಿಗೆಲ್ಲ ನೀಲಿ ಅಂಗಿ. ಪಶ್ಚಿಮದ ರೇಸುಗಳಲ್ಲಿ ವೀರ ಒಬ್ಬನೇ, ಇಲ್ಲಿ ನೀಲಿ ಅಂಗಿಯ ಗುಂಪಿಗೂ ಅಷ್ಟೇ ಮರ್ಯಾದೆ.

ಸವಾರರು ಹಾದುಹೋಗುತ್ತಿದ್ದ ಊರುಗಳನ್ನು ನೋಡಿ. ವ್ರೊತ್ಸ್ವಾಫ್ ಎಂಬ ಪೋಲಿಶ್ ನಗರ 1945ರವರೆಗೆ ಬ್ರೆಸ್ಲಾವ್ ಎಂಬ ಜರ್ಮನ್ ನಗರವಾಗಿತ್ತು. ಯುದ್ಧ ಮುಗಿದ ಮೇಲೆ ಅಲ್ಲಿನ ಜರ್ಮನರನ್ನು ಪಶ್ಚಿಮಕ್ಕೆ ಕಳಿಸಿದರು. ಸೋವಿಯತ್ ಒಕ್ಕೂಟಕ್ಕೆ ಸೇರಿಹೋದ ಪೂರ್ವದ ಸೀಮೆಗಳಿಂದ ಎದ್ದುಬಂದ ಪೋಲಿಶರು ಆ ಮನೆಗಳಲ್ಲಿ ನೆಲೆಯಾದರು. ಚೆಕ್ ಗಡಿಸೀಮೆಯಿಂದಲೂ ಲಕ್ಷಾಂತರ ಜರ್ಮನರು ಹೊರಬಿದ್ದರು. ಎಂದರೆ, ಮೇ ತಿಂಗಳ ಬಿಸಿಲಿನಲ್ಲಿ ಕಾಗದದ ಬಾವುಟ ಹಿಡಿದು ಸವಾರರಿಗೆ ಕೈಬೀಸುತ್ತಿದ್ದವರಲ್ಲಿ ಎಷ್ಟೋ ಮಂದಿ ಬೇರೆ ಎಲ್ಲಿಂದಲೋ ಬಂದು, ಬೇರೆ ಯಾರದೋ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದವರು. ಹೊಸ ಗಡಿಯೇ ಸಹಜವಾದ ಗಡಿ, ಅದನ್ನು ನಗುನಗುತ್ತ ದಾಟಬಹುದು ಎಂದು ರೇಸು ಪ್ರತಿವರ್ಷ ಎರಡು ವಾರ ಮಾಡಿತೋರಿಸುತ್ತಿತ್ತು. ದಾಟುವ ಅನುಮತಿ ಇದ್ದದ್ದು ಮಾತ್ರ ಎದೆಯ ಮೇಲೆ ನಂಬರು ಇದ್ದವರಿಗೆ.

ಗೆದ್ದವರ ಪಟ್ಟಿಯಲ್ಲಿ ಈ ಚರಿತ್ರೆ ಕಾಣುವುದಿಲ್ಲ. ಪೋಲೆಂಡಿನ ರಿಷಾರ್ಡ್ ಶುರ್ಕೋವ್ಸ್ಕಿ ನಾಲ್ಕು ಸಲ ಗೆದ್ದ, ಜರ್ಮನಿಯ ಸ್ಟೆಫೆನ್ ವೇಸೆಮಾನ್ ಐದು ಸಲ ಗೆದ್ದ, ಇವೆಲ್ಲ ದಾಖಲೆಯಲ್ಲಿವೆ. ನನಗೆ ಹೆಚ್ಚು ಹೇಳುವುದು ಎರಡು ವರ್ಷಗಳು. 1968ರ ಆಗಸ್ಟ್‌ನಲ್ಲಿ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಮರುವರ್ಷ ರೇಸು ವಾರ್ಸಾದಿಂದ ಬರ್ಲಿನ್‌ಗೆ ಮಾತ್ರ ಓಡಿತು, ಚೆಕೊಸ್ಲೊವಾಕಿಯಾ ದೂರ ಉಳಿಯಿತು. ಶಾಂತಿ ಎಂಬ ಹೆಸರು ಹಾಗೇ ಇತ್ತು. 1986ರಲ್ಲಿ ರೇಸು ಹೊರಡಬೇಕಿದ್ದದ್ದು ಕೀವ್ ನಗರದಿಂದ, ಮೇ 6ರಂದು. ಏಪ್ರಿಲ್ 26ರಂದು ಅಲ್ಲಿಂದ ನೂರು ಚಿಲ್ಲರೆ ಕಿ.ಮೀ. ದೂರದ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿತ್ತು. ಪಶ್ಚಿಮದ ಹಲವು ತಂಡಗಳು ಹಿಂದೆ ಸರಿದವು. ರೇಸು ನಿಲ್ಲಲಿಲ್ಲ. ನಿಲ್ಲಿಸಿದ್ದರೆ ಅದೇ ಒಂದು ವರದಿಯಾಗುತ್ತಿತ್ತು. ಆ ವರ್ಷ ಗೆದ್ದವನು ಪೂರ್ವ ಜರ್ಮನಿಯ ಓಲಾಫ್ ಲುಡ್ವಿಗ್. ಗಾಳಿಯಲ್ಲಿ ಏನಿತ್ತೆಂಬುದು ಯಾವ ಹಂತದ ಫಲಿತಾಂಶದಲ್ಲೂ ಇಲ್ಲ. ಗೋಡೆ ಬಿದ್ದ ಮೇಲೆ ರೇಸು ವೃತ್ತಿಪರರದಾಯಿತು, ಪ್ರಾಯೋಜಕರ ಹೆಸರು ಹೊತ್ತಿತು, 2006ರಲ್ಲಿ ಕೊನೆಯ ಸಲ ಓಡಿತು. ಅದಕ್ಕೂ ಹಿಂದಿನ ಪೂರ್ವದ ಸವಾರರನ್ನು ‘ಹವ್ಯಾಸಿ’ಗಳೆಂದು ಕರೆಯುತ್ತಿದ್ದದ್ದೂ ಒಂದು ಕಥೆಯೇ. ಹೊತ್ತು ಮುಳುಗುವವರೆಗೆ ಸೈಕಲ್ ತುಳಿಯುವುದೇ ಅವರ ನೌಕರಿಯಾಗಿತ್ತು.

ಟೇವೆ ಶೂರ್ ಈ ರೇಸಿನ ಅತಿದೊಡ್ಡ ಹೆಸರು. 1931ರಲ್ಲಿ ಹುಟ್ಟಿದವನು. 1955ರಲ್ಲಿ ಗೆದ್ದ, ಇದನ್ನು ಗೆದ್ದ ಮೊದಲ ಪೂರ್ವ ಜರ್ಮನ್. 1959ರಲ್ಲಿ ಮತ್ತೆ ಗೆದ್ದ. 1958 ಮತ್ತು 1959ರಲ್ಲಿ ಹವ್ಯಾಸಿಗಳ ವಿಶ್ವ ಚಾಂಪಿಯನ್. 1960ರ ವಿಶ್ವ ಸ್ಪರ್ಧೆ ಅವನ ಸ್ವಂತ ದೇಶದಲ್ಲೇ ನಡೆದಾಗ ಮೂರನೆಯ ಸಲ ಗೆಲ್ಲುವ ಅವಕಾಶ ಬಿಟ್ಟು, ಎದುರಾಳಿಯನ್ನು ತಾನು ತಡೆದಿಟ್ಟುಕೊಂಡು, ಜತೆಯವನಾದ ಬೆರ್ನ್‌ಹಾರ್ಡ್ ಎಕ್‌ಸ್ಟೈನ್ ಗೆಲ್ಲುವಂತೆ ಮಾಡಿದ. ಸೈಕಲ್ ಬಲ್ಲವರಿಗೆ ಅದು ಚುರುಕಾದ ತಂತ್ರ. ಪಕ್ಷದ ಪತ್ರಿಕೆಗಳಿಗೆ ಅದು ಸಮಾಜವಾದಿ ಮನುಷ್ಯನ ತ್ಯಾಗ. ಅಷ್ಟರಲ್ಲಿ ಅವನು ಪೂರ್ವ ಜರ್ಮನಿಯ ಸಂಸತ್ತಿನ ಸದಸ್ಯನೂ ಆಗಿದ್ದ, ಅವನ ಬಗ್ಗೆ ಎರಡು ಪುಸ್ತಕಗಳೂ ಬಂದಿದ್ದವು. ಯೋನ್ಸನ್‌ನ ಶೀರ್ಷಿಕೆಯಲ್ಲಿರುವ ‘ಮೂರನೆಯ’ ಎಂಬ ಮಾತಿನ ಮೊನೆ ಇರುವುದು ಇಲ್ಲಿ.

ಹಾಂಬುರ್ಗ್‌ನ ಪತ್ರಕರ್ತ ಕಾರ್ಶ್‌ಗೆ ಪೂರ್ವ ಜರ್ಮನಿಯಿಂದ ಹಳೆಯ ಗೆಳತಿ ಕಾರಿನ್ ಫೋನ್ ಮಾಡುತ್ತಾಳೆ. ಕಾದಂಬರಿ ಶುರುವಾಗುವುದೇ ಈ ಒಂದು ಫೋನ್ ಕರೆಯನ್ನು ಸರಳವಾಗಿ ಹೇಳಲಾಗದ ಪೇಚಾಟದಿಂದ. ಕರೆ ಗಡಿಯಾಚೆಯಿಂದ ಬಂದದ್ದು ಎಂದ ಕೂಡಲೇ ಗಡಿ ಎಂದರೇನೆಂದು ಹೇಳಬೇಕು. ಅದನ್ನು ಹೇಳಹೊರಟರೆ ಬೇಲಿ, ಕಾವಲು, ರಸ್ತೆ, ಕಾಗದಪತ್ರ ಎಲ್ಲ ಬರುತ್ತವೆ, ಗೆಳತಿ ಹಿಂದೆಯೇ ಉಳಿಯುತ್ತಾಳೆ. ಕಾರಿನ್ ಈಗ ನಟಿ, ಖ್ಯಾತ ಸವಾರ ಅಖಿಮ್‌ನ ಸಂಗಾತಿ. ಕಾರ್ಶ್ ಹೋಗುತ್ತಾನೆ, ಅಖಿಮ್‌ನ ರೇಸು ನೋಡುತ್ತಾನೆ, ಅವನ ಬಗ್ಗೆ ಬರೆಯಲು ಒಪ್ಪುತ್ತಾನೆ. ಆಗಲೇ ಎರಡು ಪುಸ್ತಕಗಳಿವೆ. ಪ್ರಕಾಶನದವರಿಗೆ ಮೂರನೆಯದರಲ್ಲಿ ಏನಿರಬೇಕೆಂದು ಮೊದಲೇ ಗೊತ್ತಿದೆ: ಒಬ್ಬ ಹುಡುಗ ಹೇಗೆ ಸರಿಯಾದ ಪಕ್ಷಕ್ಕೆ, ಸರಿಯಾದ ದೇಶಕ್ಕೆ ಸೇರಿದವನಾಗಿ ಬೆಳೆದ ಎಂಬುದು. ಕಾರ್ಶ್‌ಗೆ ಬೇಕಾದದ್ದು ಆ ಹುಡುಗ ಏನೇನು ಆಗಿದ್ದ ಎಂಬುದು.

ಇಲ್ಲಿ ಗಿಯರ್ ಬರುತ್ತದೆ. ಯುವಕನಾಗಿದ್ದಾಗ ಅಖಿಮ್ ತನ್ನ ಸೈಕಲ್ಲಿಗೆ ತನ್ನ ದೇಶದಲ್ಲಿ ಸಿಗದ ಒಂದು ಗಿಯರ್ ಕೊಳ್ಳಲು ಪಶ್ಚಿಮ ಬರ್ಲಿನ್‌ಗೆ ಹೋಗಿದ್ದ. ಸಣ್ಣ ವಿಷಯ. ಹದಿಹರೆಯದ ಆಸೆ, ಕೈಯಲ್ಲಿ ಕೂಡಿಟ್ಟ ಹಣ, ಒಂದು ಯಂತ್ರದ ಚಂದ. ಅದು ಪುಸ್ತಕದಲ್ಲಿ ಬರುವುದು ಅಖಿಮ್‌ಗೆ ಬೇಡ. ಆಮೇಲೆ ಒಂದು ಫೋಟೋ ಬರುತ್ತದೆ. 1953ರ ಜೂನ್ 17ರಂದು ಪೂರ್ವ ಜರ್ಮನಿಯ ಕಾರ್ಮಿಕರು ಸರ್ಕಾರದ ವಿರುದ್ಧ ಬೀದಿಗಿಳಿದಿದ್ದರು. ಆ ಮೆರವಣಿಗೆಯ ಫೋಟೋದಲ್ಲಿ ಅಖಿಮ್‌ನಂತೆಯೇ ಕಾಣುವ ಒಬ್ಬನಿದ್ದಾನೆ. ಅದು ನಾನಲ್ಲ ಎನ್ನುತ್ತಾನೆ ಅಖಿಮ್. ಕಾರ್ಶ್ ಬರೆಯಲಾರದೆ ಹಾಂಬುರ್ಗ್‌ಗೆ ಮರಳುತ್ತಾನೆ. ನಾವು ಓದುವುದು ಆಮೇಲೆ ಯಾರೋ ಕೇಳುವ ಪ್ರಶ್ನೆಗಳಿಗೆ ಕೊಡುವ ಉತ್ತರಗಳನ್ನು. ಅವನು ಹೇಗಿದ್ದ, ಆಮೇಲೇನಾಯಿತು, ಅಲ್ಲಿನವರು ಹೀಗೇನಾ ಎಂಬ, ಈಚೆ ಬದಿಯಲ್ಲಿ ಕುಳಿತವರು ಕೇಳುವ ಪ್ರಶ್ನೆಗಳು ಅವು.

ಕಾದಂಬರಿ ಬಂದ ವರ್ಷವೇ, ಆಗಸ್ಟ್‌ನಲ್ಲಿ, ಬರ್ಲಿನ್‌ನಲ್ಲಿ ಗೋಡೆ ಎದ್ದಿತು. ಹಾಗಾಗಿ ಇದನ್ನು ‘ಎರಡು ಜರ್ಮನಿಗಳ ಕಾದಂಬರಿ’ ಎಂದು ಓದುವುದೇ ರೂಢಿಯಾಯಿತು, 1962ರಲ್ಲಿ ಇದಕ್ಕೆ ದೊಡ್ಡ ಅಂತಾರಾಷ್ಟ್ರೀಯ ಬಹುಮಾನವೂ ಬಂತು. ಯೋನ್ಸನ್ ಸ್ವತಃ 1959ರಲ್ಲಿ ಪೂರ್ವದಿಂದ ಪಶ್ಚಿಮ ಬರ್ಲಿನ್‌ಗೆ ಬಂದವನು. ಓಡಿಬಂದೆ ಎನ್ನಲು ಒಪ್ಪುತ್ತಿರಲಿಲ್ಲ. ಮನೆ ಬದಲಾಯಿಸಿದೆ ಎನ್ನುತ್ತಿದ್ದ. ಆ ಹಟ ನನಗೆ ಬಹಳ ಹಿಡಿಸುತ್ತದೆ. ಅದೇ ಹಟದಿಂದಲೇ ಅವನ ಗದ್ಯ ಸಿದ್ಧ ಪದಗಳನ್ನು ಒಪ್ಪಿಕೊಳ್ಳದೆ ತಡವರಿಸುತ್ತದೆ. ಬಾರ್ತ್ ರೇಸನ್ನು ಎತ್ತರದಿಂದ ನೋಡಿ ಮಹಾಕಾವ್ಯ ಎಂದ. ಯೋನ್ಸನ್ ಕೆಳಗೆ ಬಂದು, ಆ ಮಹಾಕಾವ್ಯ ಬರೆಯುವ ಕಚೇರಿಯ ಮೇಜನ್ನು ತೋರಿಸಿದ. ಶಾಂತಿ ರೇಸಿನ ಚರಿತ್ರೆಯನ್ನು ಅಂಕಿಅಂಶಗಳಲ್ಲಿ ಓದಿದವರಿಗೆ ಸಿಗದ ಒಂದು ಸಂಗತಿ ಇಲ್ಲಿ ಸಿಗುತ್ತದೆ: ರೇಸು ವರ್ಷಕ್ಕೊಮ್ಮೆ ಗಡಿ ದಾಟುತ್ತಿತ್ತು, ಸವಾರನ ಸ್ವಂತ ಕಥೆಗೆ ಆ ಅನುಮತಿ ಇರಲಿಲ್ಲ.

ಇನ್ನು ಜಗಳ. ಕಾರ್ಶ್ ಬರೆಯಲು ಸೋತದ್ದಕ್ಕೆ ಕಾದಂಬರಿ ಅವನನ್ನು ಒಳಗೊಳಗೇ ಗೌರವಿಸುತ್ತದೆ. ಬರೆಯಲಾಗದ ಸಂಕಟ ಅವನ ಪ್ರಾಮಾಣಿಕತೆಯ ಗುರುತಾಗುತ್ತದೆ. ನವ್ಯದ ದಿನಗಳಿಂದ ‘ಅನುಭವದ ಪ್ರಾಮಾಣಿಕತೆ’ಯನ್ನು ಮಂತ್ರದಂತೆ ಹೇಳಿಕೊಂಡು ಬಂದ ಕನ್ನಡ ಓದುಗರಿಗೆ ಈ ಕಾರ್ಶ್ ಕೂಡಲೇ ನಮ್ಮವನೆನಿಸುತ್ತಾನೆ. ಅಖಿಮ್‌ನ ಮೌನಕ್ಕೆ ಮಾತ್ರ ಅಂಥ ಮರ್ಯಾದೆ ಇಲ್ಲ. ಅದು ರಾಜಿ ಮಾಡಿಕೊಂಡವನ ಮರೆವು ಎಂದೇ ಕಾಣುತ್ತದೆ. ಕೇಳುವವನ ಹಕ್ಕಿನ ಬಗ್ಗೆ ಇಡೀ ಪುಸ್ತಕ ಯೋಚಿಸುತ್ತದೆ, ಹೇಳದಿರುವವನ ಹಕ್ಕಿನ ಬಗ್ಗೆ ಕಡಿಮೆ.

ಇದು ನನ್ನನ್ನು ಕೆಣಕಲು ಕಾರಣವಿದೆ. ನಾನು ಹುಟ್ಟಿ ಬೆಳೆದದ್ದು ಸಿಂಧನೂರಿನ ಆರ್.ಎಚ್. ಕ್ಯಾಂಪಿನಲ್ಲಿ. ಪುನರ್ವಸತಿ ಎಂಬುದರ ಇಂಗ್ಲಿಷ್ ಪದದ ಚುಟುಕು ಈ ಆರ್.ಎಚ್.; ಕ್ಯಾಂಪುಗಳಿಗೆ ಹೆಸರಿಲ್ಲ, ನಂಬರುಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳನ್ನು ತುಂಗಭದ್ರೆಯ ಎಡದಂಡೆ ಕಾಲುವೆಯ ಈ ಸೀಮೆಗೆ ತಂದು, ಜಮೀನು ಕೊಟ್ಟು ಇರಿಸಿದರು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ರಾಯಚೂರು ಸೀಮೆಯ ಮಾತು, ಅಕ್ಕಪಕ್ಕದ ಕ್ಯಾಂಪುಗಳಲ್ಲಿ ತೆಲುಗು. ನಮ್ಮ ಬಗ್ಗೆಯೂ ಎರಡು ಪುಸ್ತಕಗಳು ಆಗಲೇ ಇವೆ ಎನ್ನಬಹುದು, ಅಚ್ಚಾಗದಿದ್ದರೂ. ಮೊದಲನೆಯದು ಕಣ್ಣೀರಿನದು: ಎಲ್ಲ ಕಳಕೊಂಡು ಬಂದವರು. ಎರಡನೆಯದು ಶ್ರಮದ್ದು: ಬೀಳು ನೆಲದಲ್ಲಿ ಬತ್ತ ಬೆಳೆದವರು, ಕೆರೆಯಲ್ಲಿ ಮೀನು ಸಾಕಿದವರು, ಶರತ್ಕಾಲದಲ್ಲಿ ದುರ್ಗೆಯನ್ನು ಕೂರಿಸುವವರು. ಎರಡೂ ಸುಳ್ಳಲ್ಲ. ಅಖಿಮ್‌ನ ಮೊದಲ ಎರಡು ಪುಸ್ತಕಗಳೂ ಪೂರಾ ಸುಳ್ಳಾಗಿರಲಿಕ್ಕಿಲ್ಲ.

ಒಮ್ಮೆ ಒಬ್ಬ ವರದಿಗಾರ ನಮ್ಮ ದಾದುವನ್ನು ಮಾತಾಡಿಸಲು ಬಂದಿದ್ದ, ಒಳ್ಳೆಯ ಹುಡುಗ. “ಅಜ್ಜಾರ, ಗಡಿ ಹ್ಯಾಂಗ ದಾಟಿದ್ರಿ?” ಎಂದು ಕೇಳಿದ. “ರಾತ್ರಿ” ಎಂದರು ದಾದು. ಯಾವ ವರ್ಷ, ಯಾವ ದಾರಿ, ಜತೆಗೆ ಯಾರಿದ್ದರು ಎಂದು ಅವನು ಕೇಳಿದ. ಅದಕ್ಕೆ ದಾದು ರಾಯಪುರದ ಮಾನಾ ಕ್ಯಾಂಪಿನಲ್ಲಿ ಕೊಡುತ್ತಿದ್ದ ಅಕ್ಕಿ ಎಷ್ಟು ವಾಸನೆ ಬರುತ್ತಿತ್ತು ಎಂದು ಅರ್ಧ ಗಂಟೆ ಹೇಳಿದರು. ಹುಡುಗ ವರದಿಯಲ್ಲಿ ಬರೆದದ್ದು, ನೆನಪಿನ ಭಾರಕ್ಕೆ ಹಿರಿಯರ ಮಾತು ಹೊರಡಲಿಲ್ಲ ಎಂದು. ದಾದುವಿಗೆ ನೆನಪು ಚೆನ್ನಾಗಿಯೇ ಇತ್ತು. ಅವರಿಗೆ ಗೊತ್ತಿದ್ದದ್ದು ಇನ್ನೊಂದು ವಿಷಯ: ಈ ದೇಶದಲ್ಲಿ ಗಡಿ ದಾಟಿದ ತಾರೀಖು ಕಥೆಯ ವಿವರವಲ್ಲ. ಅಸ್ಸಾಮಿನಲ್ಲಿ 1971ರ ಮಾರ್ಚ್ 24ರ ನಡುರಾತ್ರಿ ಒಂದು ಗೆರೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ 2014ರ ಡಿಸೆಂಬರ್ 31 ಇನ್ನೊಂದು ಗೆರೆ. ಭಾರತದಲ್ಲಿ ಹುಟ್ಟಿದ ಮಾತ್ರಕ್ಕೇ ಪೌರನಾಗಲು 1987ರ ಜುಲೈ 1ರ ಮೊದಲು ಹುಟ್ಟಿರಬೇಕು. ಅರ್ಧ ಶತಮಾನ ಬತ್ತ ನಾಟಿ ಮಾಡಿದವರಿಗೂ ಮೇಜಿನ ಆಚೆ ಕುಳಿತವನ ಮುಂದೆ ತಾರೀಖು ಎಂದರೆ ಪುರಾವೆ. ವರದಿಗಾರ ಒಳ್ಳೆಯವನಿರಬಹುದು, ಅವನ ಕಾಗದ ಯಾರ ಕೈಗೆ ಹೋಗುತ್ತದೆಂದು ಅವನಿಗೂ ಗೊತ್ತಿರುವುದಿಲ್ಲ. ಇಂಥ ಗಿಯರ್‌ಗಳು ನಮ್ಮ ಮನೆಮನೆಯಲ್ಲೂ ಇವೆ.

ಹಾಗೆಂದು ಎಲ್ಲ ಮೌನವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಅಖಿಮ್ ಬರೀ ಸವಾರನಲ್ಲ, ಸಂಸತ್ತಿನ ಸದಸ್ಯ, ಶಾಲಾ ಮಕ್ಕಳಿಗೆ ಆದರ್ಶ. ನಿಜಜೀವನದ ಟೇವೆ ಶೂರ್ ಜರ್ಮನಿ ಒಂದಾದ ಮೇಲೂ 1998ರಿಂದ 2002ರವರೆಗೆ ಸಂಸತ್ತಿನಲ್ಲಿದ್ದವರು, ಪೂರ್ವ ಜರ್ಮನಿಯ ಕ್ರೀಡಾ ವ್ಯವಸ್ಥೆಯನ್ನು ಆಮೇಲೂ ಸಮರ್ಥಿಸಿಕೊಂಡವರು. ಆ ವ್ಯವಸ್ಥೆ ಹುಡುಗ ಹುಡುಗಿಯರಿಗೆ ಗೊತ್ತಿಲ್ಲದಂತೆ ಮದ್ದು ಕೊಟ್ಟು ಅವರ ಮೈ ಹಾಳುಮಾಡಿತ್ತು. 2017ರಲ್ಲಿ ಜರ್ಮನ್ ಕ್ರೀಡೆಯ ಗೌರವ ಪಟ್ಟಿಗೆ ಶೂರ್ ಹೆಸರು ಬಂದಾಗ ಮದ್ದಿಗೆ ಬಲಿಯಾದವರ ಕಡೆಯವರು ವಿರೋಧಿಸಿದರು, ಹೆಸರು ಸೇರಲಿಲ್ಲ. ಅಂಥಲ್ಲಿ ದೊಡ್ಡವನೊಬ್ಬನ ಮೌನ ಇನ್ನೊಬ್ಬರ ನೋವನ್ನು ಮುಚ್ಚುತ್ತದೆ. ಹಾಗಾಗಿ ಕಾರ್ಶ್ ಕೇಳಿದ್ದು ತಪ್ಪಲ್ಲ. ಯಾರ ಮೌನ ಯಾರನ್ನು ಕಾಯುತ್ತಿದೆ ಎಂದು ಅವನು ಕೇಳಿಕೊಳ್ಳಲಿಲ್ಲ ಎಂಬುದೇ ನನ್ನ ತಕರಾರು. ಅಖಿಮ್‌ನೊಳಗೆ ಅಧಿಕಾರಸ್ಥನೂ ಇದ್ದ, ಗಿಯರ್ ಆಸೆಯ ಬಡ ಹುಡುಗನೂ ಇದ್ದ. ಕಾದಂಬರಿ ಇಬ್ಬರನ್ನೂ ಒಂದೇ ಧ್ವನಿಯಲ್ಲಿ ವಿಚಾರಣೆ ಮಾಡುತ್ತದೆ.

ಆದರೂ ಯೋನ್ಸನ್ ಒಂದು ಕೆಲಸ ಮಾಡಿದ. ಅವನು ಶೂರ್ ಬಗ್ಗೆ ವರದಿ ಬರೆಯಲಿಲ್ಲ, ಅಖಿಮ್‌ನನ್ನು ಕಟ್ಟಿದ. ಗಿಯರ್ ಕೊಂಡವನು ಅಖಿಮ್. ಆ ಫೋಟೋದಲ್ಲಿರುವವನು ಅಖಿಮ್, ಅಥವಾ ಅವನೂ ಅಲ್ಲ. ಅದನ್ನು ಹಿಡಿದುಕೊಂಡು ಯಾವ ಅಧಿಕಾರಿಯೂ ಯಾರ ಮನೆಯ ಬಾಗಿಲನ್ನೂ ತಟ್ಟಲಾಗದು. ಶೂರ್ ಮುಂದೆ ತಮ್ಮ ಆತ್ಮಕಥೆಯನ್ನು ತಾವೇ ಬರೆದುಕೊಂಡರು.

ನಾನು ಪಾಠ ಮಾಡುವ ತರಗತಿಯಲ್ಲಿ ಕ್ಯಾಂಪಿನ ಒಬ್ಬ ಹುಡುಗಿ ಕನ್ನಡದಲ್ಲಿ ಕಥೆ ಬರೆಯುತ್ತಿದ್ದಾಳೆ. ಹೋದ ತಿಂಗಳು ಒಂದನ್ನು ತಂದು ತೋರಿಸಿದಳು. ಅದರಲ್ಲಿ ಒಬ್ಬಾಕೆ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಹೊಳೆ ದಾಟುತ್ತಾಳೆ. ಮೊದಲ ಸಾಲಿನಲ್ಲೇ ತಾರೀಖು, ತಿಂಗಳು, ಇಸವಿ ಎಲ್ಲ ಇದ್ದವು. ಅಜ್ಜಿಯನ್ನು ಕೇಳಿ ಬರೆದದ್ದಂತೆ. ತಾರೀಖು ತೆಗೆದು ನೋಡು ಎಂದೆ. “ಸರ್, ಹಂಗಾದ್ರ ಇದು ಯಾವಾಗ ಆಗಿದ್ದು ಅಂತ ಓದೋರಿಗೆ ಹ್ಯಾಂಗ ಗೊತ್ತಾಗ್ಬೇಕು?” ಎಂದು ಕೇಳಿದಳು. ಮರುವಾರ ತಿದ್ದಿ ತಂದಳು. ತಾರೀಖಿದ್ದ ಜಾಗದಲ್ಲಿ, ಸೆಣಬನ್ನು ಕೊಯ್ದು ಹೊಳೆಯಲ್ಲಿ ನೆನೆಹಾಕಿದ್ದರು, ನೀರೆಲ್ಲ ನಾರುತ್ತಿತ್ತು ಎಂದು ಬರೆದಿದ್ದಳು.